ಅನುದಾನವು ದಾನವೇ? ಬಡಾವಣೆಯ ಉದ್ಯಾನವನ್ನು ಕುರಿತು ಒಂದು ಧರ್ಮವಿಚಾರ

‘ಅನುದಾನ’ ಎಂಬ ಮಾತು ಕಚೇರಿಯ ಕಡತಗಳಿಂದ ಹೊರಬಂದು ಇಂದು ಮನೆಮಾತಾಗಿದೆ. ಶಾಲೆಗೆ ಅನುದಾನ, ರಸ್ತೆಗೆ ಅನುದಾನ, ಸಮುದಾಯ ಭವನಕ್ಕೆ ಅನುದಾನ, ಬಡಾವಣೆಯ ಉದ್ಯಾನಕ್ಕೆ ಅನುದಾನ. ಈ ಮಾತಿನ ಒಡಲಲ್ಲಿ ‘ದಾನ’ ಎಂಬ ಪದವು ಅಡಗಿರುವುದರಿಂದಲೋ ಏನೋ, ಅದನ್ನು ಕೊಡಿಸಿದವರನ್ನು ದಾನಿಗಳೆಂದು ಹೊಗಳುವುದೂ ತರಿಸಿದವರನ್ನು ಪುಣ್ಯವಂತರೆಂದು ಸನ್ಮಾನಿಸುವುದೂ ರೂಢಿಯಾಗಿಬಿಟ್ಟಿದೆ. ದಾನವನ್ನು ಗೃಹಸ್ಥಧರ್ಮದ ಮುಖ್ಯ ಅಂಗವೆಂದು ಬಗೆದಿರುವ ಸಮಾಜ ನಮ್ಮದು. ಆದ್ದರಿಂದ ಈ ಮಾತನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಹೊಣೆಯೂ ನಮ್ಮದೇ.

ವಿಚಾರವನ್ನು ಒಂದು ಪ್ರತ್ಯಕ್ಷ ಸಂಗತಿಗೆ ಕಟ್ಟಿಕೊಂಡು ನಡೆಸುವುದು ಒಳ್ಳೆಯದು. ಪಟ್ಟಣದ ಒಂದು ಬಡಾವಣೆ. ಉದ್ಯಾನಕ್ಕೆಂದು ನಕ್ಷೆಯಲ್ಲಿ ಕಾದಿರಿಸಿದ ನಿವೇಶನವು ಮುಳ್ಳುಕಂಟಿ ಬೆಳೆದು ತಿಪ್ಪೆಯಾಗಿ ಬಿದ್ದಿದೆ. ಪಕ್ಕದಲ್ಲಿ ಬಸದಿಯಿದೆ, ಸುತ್ತಲೂ ಅನುಕೂಲಸ್ಥ ಕುಟುಂಬಗಳಿವೆ. ಮುದುಕರಿಗೆ ಸಂಜೆ ನಡೆದಾಡಲು ಎಡೆಯಿಲ್ಲ, ಮಕ್ಕಳು ವಾಹನಗಳ ನಡುವೆ ಚೆಂಡಾಡುತ್ತಾರೆ. ನಿವಾಸಿಗಳು ಸಂಘ ಕಟ್ಟಿಕೊಂಡು ಅನುದಾನಕ್ಕೆ ಅರ್ಜಿ ಹಾಕಲು ನಿಶ್ಚಯಿಸುತ್ತಾರೆ. ಬಸದಿಯ ಟ್ರಸ್ಟಿನವರು ಮುಂದಾಳಾಗಬೇಕೆಂದು ಕೇಳುತ್ತಾರೆ. ಇಂಥ ಸನ್ನಿವೇಶ ನಮ್ಮ ನಾಡಿನ ಯಾವ ಊರಿಗೂ ಹೊಸತಲ್ಲ. ಹಾಗೆ ಕೇಳುವುದು ಶ್ರಾವಕನಿಗೆ ತಕ್ಕುದೇ? ತಕ್ಕುದಾದರೆ ಯಾವ ಕಟ್ಟಳೆಗೆ ಒಳಪಟ್ಟು? ಬಂದ ಹಣ ಯಾರದು? ಆದ ಉದ್ಯಾನ ಯಾರದು?

ಯಾಚನೆಯ ಸಂಕೋಚ

ನಮ್ಮ ಹಿರಿಯರಲ್ಲಿ ಅನೇಕರಿಗೆ ಕೇಳುವುದೆಂದರೇ ಹಿಂಜರಿಕೆ. ಮುನಿಗಳು ಜಯಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಯಾಚನಾ ಪರೀಷಹವೂ ಒಂದು. ಹಸಿವಿನಿಂದಲೋ ರೋಗದಿಂದಲೋ ದೇಹವು ಸೊರಗಿದರೂ ಮುನಿಯು ದೀನನಾಗಿ ಬೇಡುವುದಿಲ್ಲ. ಆ ಆದರ್ಶದ ನೆರಳು ಶ್ರಾವಕರ ಮೇಲೂ ಬಿದ್ದಿದೆ. ‘ಸರ್ಕಾರದ ಮುಂದೆ ಕೈಯೊಡ್ಡುವುದೇಕೆ, ನಮ್ಮ ಗಂಟಿನಿಂದಲೇ ಮಾಡಿ ಮುಗಿಸೋಣ’ ಎಂಬ ಮಾತು ಟ್ರಸ್ಟಿನ ಸಭೆಗಳಲ್ಲಿ ಆಗಾಗ ಕೇಳಿಬರುವುದು ಇದರಿಂದಲೇ.

ಈ ಮಾತಿನಲ್ಲಿ ಸ್ವಾಭಿಮಾನವಿದೆ, ಒಪ್ಪೋಣ. ಆದರೆ ಮುನಿಯು ಬೇಡದಿರುವುದು ತನ್ನ ದೇಹಕ್ಕಾಗಿ. ಇಲ್ಲಿ ಕೇಳುತ್ತಿರುವುದು ಹತ್ತು ಜನರಿಗಾಗಿ. ಇನ್ನೊಂದು ಭೇದವೂ ಉಂಟು. ಬೇಡಿಕೆಯೆಂಬುದು ಕೊಡಬೇಕಾದ ಕಟ್ಟುಪಾಡಿಲ್ಲದವನ ಮುಂದೆ ಮಾಡುವಂಥದು. ನಗರಸಭೆಗಾದರೋ ಉದ್ಯಾನವು ಮನಸ್ಸು ಬಂದರೆ ಮಾಡುವ ಕೆಲಸವಲ್ಲ. 1992ರಲ್ಲಿ ಅಂಗೀಕೃತವಾಗಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಾಡಳಿತ ಸಂಸ್ಥೆಗಳಿಗೆ ವಹಿಸಿಕೊಡತಕ್ಕ 18 ವಿಷಯಗಳನ್ನು ಎಣಿಸಿತು. ಅವುಗಳಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳೂ ಸೇರಿವೆ. ಹೀಗಿರುವಾಗ ನಾಗರಿಕನ ಅರ್ಜಿಯು ಭಿಕ್ಷಾಪಾತ್ರೆಯಲ್ಲ. ಬಾಕಿದಾರನಿಗೆ ಬರೆದ ನೆನಪಿನ ಓಲೆ. ಅದನ್ನು ಬರೆಯುವಲ್ಲಿ ದೈನ್ಯವೂ ಬೇಡ, ಬರೆದ ಮೇಲೆ ಅಹಂಕಾರವೂ ಬೇಡ.

ಇನ್ನು ‘ನಮ್ಮ ಗಂಟಿನಿಂದಲೇ’ ಎಂಬ ನಿಶ್ಚಯವು ಎಲ್ಲ ಕಾಲಕ್ಕೂ ಹೆಚ್ಚು ಪವಿತ್ರವೆಂದು ತಿಳಿಯಬೇಕಾಗಿಲ್ಲ. ಸಾರ್ವಜನಿಕರ ನೆಲದಲ್ಲಿ ಸ್ವಂತ ಹಣವನ್ನು ಹಾಕಿದವನಿಗೆ ಆ ನೆಲವೇ ತನ್ನದೆಂಬ ಭಾವ ಮೆಲ್ಲಮೆಲ್ಲನೆ ಬೇರೂರುತ್ತದೆ. ಬಾಗಿಲಿನ ಬೀಗದ ಕೈ ಅವನ ಮನೆಯ ಗೂಟಕ್ಕೆ ಬರುತ್ತದೆ. ಯಾರು ಒಳಗೆ ಬರಬೇಕು, ಯಾರು ಬರಬಾರದೆಂಬ ನಿರ್ಣಯವೂ ಆ ಬೀಗದ ಕೈಯೊಡನೆ ಬರುತ್ತದೆ. ಕೊಟ್ಟೂ ಬಿಡದಿರುವುದು ಪರಿಗ್ರಹದ ಅತಿ ಸೂಕ್ಷ್ಮವಾದ ರೂಪ. ಆದ್ದರಿಂದ ಪ್ರಶ್ನೆಯು ಹಣದ ಮೂಲವೊಂದರಿಂದಲೇ ತೀರ್ಮಾನವಾಗುವಂಥದಲ್ಲ.

ದಾನವಲ್ಲ, ನ್ಯಾಸ

ಹಾಗಾದರೆ ಅನುದಾನದ ಹಣಕ್ಕೆ ಧರ್ಮಶಾಸ್ತ್ರದ ಭಾಷೆಯಲ್ಲಿ ಯಾವ ಹೆಸರು? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಲಕ್ಷಣವನ್ನು ಹೇಳುವಾಗ ಎರಡು ಮಾತುಗಳನ್ನು ಮುಂದಿಡುತ್ತದೆ: ಕೊಡುವುದು ಉಪಕಾರಕ್ಕಾಗಿ ಇರಬೇಕು, ಕೊಡುವ ವಸ್ತುವು ಕೊಡುವವನ ಸ್ವಂತದ್ದಾಗಿರಬೇಕು. ಎರಡನೆಯ ಮಾತನ್ನು ನಾವು ಓದಿ ಮುಂದೆ ಸಾಗಿಬಿಡುತ್ತೇವೆ. ಈ ಚರ್ಚೆಗೆ ಅದೇ ಪ್ರಾಣ. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ನಾಡು ಕೊಂಡಾಡಿತು. ತನ್ನದನ್ನು ಬಿಟ್ಟುಕೊಟ್ಟ ಕೈಗೆ ಸಂದ ಗೌರವವದು.

ಇದೇ ಅಳತೆಗೋಲನ್ನು ಇಂದಿನ ಅನುದಾನಕ್ಕೆ ಹಿಡಿದು ನೋಡೋಣ. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಪ್ರತಿಯೊಬ್ಬ ಸದಸ್ಯರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗಳ ಕಾಮಗಾರಿಗಳನ್ನು ಸೂಚಿಸುವ ಅಧಿಕಾರವಿದೆ. ಸೂಚಿಸುವ ಅಧಿಕಾರವಷ್ಟೇ, ಹಣವು ಅವರ ಕೈಗೆ ಬರುವುದಿಲ್ಲ, ಮಂಜೂರು ಮಾಡಿ ಕೆಲಸ ನಡೆಸುವುದು ಜಿಲ್ಲಾಡಳಿತ. ಶಾಸಕರ ನಿಧಿಯ ಕ್ರಮವೂ ಹೆಚ್ಚುಕಡಿಮೆ ಹೀಗೆಯೇ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ನೋಡಿ. 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣದ ಮೇರೆಗೆ, ನಿಗದಿಯಾದ ಗಾತ್ರವನ್ನು ಮೀರಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಆ ಹಣವು ಷೇರುದಾರರೆಲ್ಲರದು, ವೆಚ್ಚವಾಗುವುದು ಕಾಯ್ದೆಯ ನಿರ್ಬಂಧದಿಂದ. ಅದಕ್ಕೆ ರುಜು ಹಾಕಿದ ನಿರ್ದೇಶಕನು ಕರ್ತವ್ಯವನ್ನು ಮಾಡಿದನೆನ್ನಬಹುದು, ದಾನ ಮಾಡಿದನೆನ್ನಲಾಗದು.

‘ನಾವು ತೆರಿಗೆ ಕಟ್ಟಿದವರು, ನಮ್ಮ ಹಣವನ್ನೇ ಕೇಳುತ್ತಿದ್ದೇವೆ’ ಎಂದು ವಾದಿಸುವವರೂ ಉಂಟು. ವ್ಯಾಪಾರಿಗಳಾದ ನಮಗೆ ಈ ವಾದವು ಬಹು ಪ್ರಿಯ. ಆದರೆ ಸೋಪು, ಚಪ್ಪಲಿಗಳನ್ನು ಕೊಳ್ಳುವ ಕೂಲಿಯೂ ಅವುಗಳ ಬೆಲೆಯೊಡನೆ ತೆರಿಗೆಯನ್ನು ತೆರುತ್ತಾನೆ. ಆಯವ್ಯಯದ ಸಾಗರದಲ್ಲಿ ಬೆರೆತ ಮೇಲೆ ಯಾವ ಹನಿ ಯಾರದೆಂದು ಗುರುತಿಸುವುದು ಸಾಧ್ಯವಿಲ್ಲ. ಅದು ಎಲ್ಲರೂ ಕೂಡಿ ಒಂದೆಡೆ ಇರಿಸಿದ ಠೇವಣಿ.

ಠೇವಣಿಗೆ ನಮ್ಮ ಶಾಸ್ತ್ರದ ಹೆಸರು ನ್ಯಾಸ. ಹಿಂದೆ ಊರಿನ ಜನ ನಂಬುಗೆಯ ಅಂಗಡಿಯಲ್ಲಿ ಹಣವನ್ನಿಟ್ಟು ಹೋಗುತ್ತಿದ್ದರು. ಬರೆಹ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಇಟ್ಟಷ್ಟೂ ತಿರುಗಿ ದೊರೆಯುತ್ತಿತ್ತು. ಅದರಿಂದಲೇ ಅಂಗಡಿಗೆ ‘ಸಾಹುಕಾರ’ನ ಹೆಸರು ನಿಲ್ಲುತ್ತಿತ್ತು. ಇಟ್ಟವನು ಮರೆತು ಕಡಿಮೆ ಕೇಳಿದರೆ ಕೇಳಿದಷ್ಟನ್ನೇ ಕೊಟ್ಟು ಸುಮ್ಮನಾಗುವುದನ್ನು ಆಚಾರ್ಯರು ‘ನ್ಯಾಸಾಪಹಾರ’ವೆಂದು ಕರೆದು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದರು. ಸಾರ್ವಜನಿಕ ಹಣವನ್ನು ಇಟ್ಟವರು ಲಕ್ಷಾಂತರ ಜನ. ಅವರಲ್ಲಿ ಯಾರೂ ಬಂದು ತಮ್ಮ ಪಾಲಿನ ಲೆಕ್ಕ ಕೇಳುವುದಿಲ್ಲ. ಕೇಳುವವರಿಲ್ಲದ ಠೇವಣಿಯಲ್ಲಿಯೇ ವ್ಯಾಪಾರಿಯ ನಿಜವಾದ ಪರೀಕ್ಷೆ.

ಆದ್ದರಿಂದ ಅನುದಾನದ ಉದ್ಯಾನದಲ್ಲಿ ದಾನಿಗಳ ಶಿಲಾಫಲಕಕ್ಕೆ ಅವಕಾಶವಿಲ್ಲ. ಎಷ್ಟು ಹಣ ಯಾವ ಯೋಜನೆಯಿಂದ ಬಂತು, ಹೇಗೆ ವೆಚ್ಚವಾಯಿತು ಎಂಬ ವಿವರವುಳ್ಳ ಫಲಕವೊಂದು ಬಾಗಿಲಲ್ಲಿ ನಿಲ್ಲಲಿ. ಯಾರಾದರೂ ಸ್ವಂತದ್ದನ್ನು ಕೊಟ್ಟು ಒಂದು ಕಲ್ಲುಬೆಂಚನ್ನು ಮಾಡಿಸಿದರೆ ಅದು ದಾನ. ಅಲ್ಲಿಯೂ ಹೆಸರು ಕೊರೆಯಿಸುವ ಮೊದಲು ಮಾನಕಷಾಯದ ಪ್ರಮಾಣವನ್ನು ಅವರೇ ಅಳೆದುಕೊಳ್ಳುವುದು ಒಳ್ಳೆಯದು.

ನೆಲವೂ ನ್ಯಾಸವೇ

ಹಣಕ್ಕೆ ಸಂದ ಮಾತು ನೆಲಕ್ಕೂ ಸಲ್ಲುತ್ತದೆ. ಇಲ್ಲಿ ಬೆಂಗಳೂರಿನ ಸದಾಶಿವನಗರದ ಪ್ರಕರಣವೊಂದನ್ನು ನೆನೆಯಬೇಕು. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕಾಗಿ ಕಾದಿರಿಸಿದ್ದ ಬಯಲನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪಾಯಿತು. ಸರ್ವರಿಗಾಗಿ ಕಾದಿರಿಸಿದ ಬಯಲನ್ನು ಆಡಳಿತವು ತನ್ನ ಇಚ್ಛೆಯಂತೆ ಖಾಸಗಿಯವರಿಗೆ ಒಪ್ಪಿಸಲಾಗದೆಂಬುದು ಅದರ ತಿರುಳು.

ನಮ್ಮ ದೃಷ್ಟಿಯಿಂದ ಈ ತೀರ್ಪು ಬಹಳ ವಿಚಾರಣೀಯ. ಏಕೆಂದರೆ ಆ ಬಯಲನ್ನು ಕೇಳಿದ್ದು ಮದ್ಯದಂಗಡಿಗಲ್ಲ, ಆಸ್ಪತ್ರೆಗೆ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಅಂಥ ಸತ್ಕಾರ್ಯಕ್ಕೂ ಎಲ್ಲರ ನೆಲವನ್ನು ತೆಗೆದುಕೊಡಲಾಗದೆಂದಾಯಿತು. ಕಾರ್ಯವು ಒಳ್ಳೆಯದೆಂಬುದರಿಂದ ಕೊಡದಿರುವುದನ್ನು ತೆಗೆದುಕೊಳ್ಳುವ ಹಕ್ಕು ಹುಟ್ಟುವುದಿಲ್ಲ. ಅಚೌರ್ಯವ್ರತದ ಅರ್ಥವೂ ಇದೇ ಅಲ್ಲವೇ?

ಬಸದಿಗಳ ಟ್ರಸ್ಟಿನವರು ಈ ಮಾತನ್ನು ತಮಗೇ ಹೇಳಿದುದೆಂದು ತಿಳಿದರೆ ಒಳ್ಳೆಯದು. ಉದ್ಯಾನದ ಮೂಲೆಯಲ್ಲಿ ಒಂದು ಮಾನಸ್ತಂಭ ನಿಲ್ಲಿಸೋಣ, ಪ್ರವಚನಕ್ಕೆ ಮಂಟಪ ಕಟ್ಟೋಣ, ಪಂಚಕಲ್ಯಾಣದ ಸಮಯದಲ್ಲಿ ವಾಹನ ನಿಲ್ಲಿಸಲು ಅನುಕೂಲವಾದೀತು ಎಂಬಂಥ ಆಲೋಚನೆಗಳು ಭಕ್ತಿಯ ವೇಷದಲ್ಲಿಯೇ ಬರುತ್ತವೆ. ಸಾರ್ವಜನಿಕ ಬೀದಿ, ಉದ್ಯಾನ ಮುಂತಾದ ಸ್ಥಳಗಳಲ್ಲಿ ಯಾವ ಮತದ ಪೂಜಾಸ್ಥಳವನ್ನೂ ಅನಧಿಕೃತವಾಗಿ ಕಟ್ಟಗೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಆದೇಶಿಸಿದೆ. ರಾಜನಿಯಮವನ್ನು ಮೀರಿ ನಡೆಯುವುದನ್ನು ‘ವಿರುದ್ಧರಾಜ್ಯಾತಿಕ್ರಮ’ವೆಂದು ನಮ್ಮ ಆಚಾರ್ಯರು ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬಸದಿಯ ಮುಂದಿನ ಉದ್ಯಾನವು ಬಸದಿಯ ಅಂಗಳವಲ್ಲ. ಅಲ್ಲಿ ಕುಳಿತು ವಿಶ್ರಮಿಸುವ ಹಮಾಲನಿಗೆ ಬಸದಿಯವರ ಅಪ್ಪಣೆ ಬೇಕಾಗದಿದ್ದರೆ ಮಾತ್ರ ಅದು ಸಾರ್ವಜನಿಕ ಉದ್ಯಾನ.

ಅರ್ಜಿಯಲ್ಲಿನ ಸತ್ಯ

ಅರ್ಜಿ ಬರೆಯುವಾಗ ಸತ್ಯವ್ರತಕ್ಕೆ ಒದಗುವ ತೊಡಕುಗಳು ಸಣ್ಣವು, ಆದರೆ ಅನೇಕ. ಮುನ್ನೂರು ಮನೆಗಳಿರುವಲ್ಲಿ ‘ಸುಮಾರು ಸಾವಿರ ಕುಟುಂಬಗಳಿಗೆ ಉಪಯೋಗ’ ಎಂದು ಬರೆಯುವುದು. ಹತ್ತು ಲಕ್ಷ ಕೇಳಿದರೆ ಆರು ಲಕ್ಷ ಬಂದೀತೆಂಬ ಎಣಿಕೆಯಿಂದ ಅಂದಾಜು ಪಟ್ಟಿಯನ್ನು ಉಬ್ಬಿಸುವುದು. ಸೇರದ ಸಭೆಗೆ ನಡಾವಳಿ ಬರೆದು ರುಜು ಹಾಕಿಸುವುದು. ‘ಸಂಘದ ಪಾಲು’ ಎಂದು ತೋರಿಸಿದ ಹಣವನ್ನು ಗುತ್ತಿಗೆದಾರನಿಂದಲೇ ಕಟ್ಟಿಸುವುದು. ಕೆಲಸ ಅರ್ಧದಲ್ಲಿರುವಾಗಲೇ ಹಣ ಬಳಕೆ ಪ್ರಮಾಣಪತ್ರವನ್ನು ಕಳುಹಿಸುವುದು. ‘ಎಲ್ಲರೂ ಹೀಗೆಯೇ ಮಾಡುತ್ತಾರೆ, ಹಾಗೆ ಬರೆಯದಿದ್ದರೆ ಕಡತ ಮುಂದೆ ಸರಿಯದು’ ಎಂಬ ಸಮಾಧಾನವೂ ಜೊತೆಯಲ್ಲಿಯೇ ಸಿದ್ಧವಾಗಿರುತ್ತದೆ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯೂ ಒಂದು, ಎಂದರೆ ಸುಳ್ಳು ಲೇಖವನ್ನು ಮಾಡುವುದು. ಲೇಖನಿಯಿಂದಾಗುವ ಅಸತ್ಯಕ್ಕೆ ಬಾಯಿಂದಾಗುವ ಅಸತ್ಯಕ್ಕಿಂತ ಬೇರೆಯಾದ ಹೆಸರನ್ನಿಟ್ಟ ಆ ಸೂಕ್ಷ್ಮದೃಷ್ಟಿಯನ್ನು ವಾಣಿಜ್ಯವನ್ನೇ ಕಸುಬಾಗಿಸಿಕೊಂಡ ನಾವು ವಿಶೇಷವಾಗಿ ಗೌರವಿಸಬೇಕು. ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ಸುಳ್ಳು ಲೇಖವು ಕಡತದಲ್ಲಿ ಕುಳಿತು, ಅದನ್ನು ನಂಬಿದ ಗುಮಾಸ್ತ, ಅಭಿಯಂತರ, ಲೆಕ್ಕಪರಿಶೋಧಕರನ್ನೆಲ್ಲ ತನ್ನ ಪಾಲುಗಾರರನ್ನಾಗಿ ಮಾಡಿಕೊಳ್ಳುತ್ತದೆ. ಸಾವಿರವೆಂದು ಬರೆದ ಮುನ್ನೂರು ಮನೆಯವರಿಗೆ ಹಣ ಬಂದಾಗ, ನಿಜವಾಗಿಯೇ ಸಾವಿರ ಮನೆಗಳಿರುವ ಇನ್ನೊಂದು ಬಡಾವಣೆಯ ಅರ್ಜಿಯು ಕೆಳಕ್ಕೆ ಜಾರುತ್ತದೆ. ಸುಳ್ಳು ಲೆಕ್ಕದ ಪೆಟ್ಟು ಬೀಳುವುದು ಸರ್ಕಾರವೆಂಬ ಅಮೂರ್ತ ವಸ್ತುವಿನ ಮೇಲಲ್ಲ; ಆ ಮನೆಗಳ ಮಕ್ಕಳ ಮೇಲೆ.

ನಿರ್ಮಾಣದ ಹಿಂಸೆ

ಉದ್ಯಾನವೆಂದೊಡನೆ ಅದು ಅಹಿಂಸೆಯ ಕಾರ್ಯವೆಂದು ತಿಳಿಯುವುದು ಅವಸರದ ಮಾತು. ನೆಲವನ್ನು ಅಗೆಯದೆ, ನೀರನ್ನು ಹರಿಸದೆ, ಗಿಡಗಂಟಿಗಳನ್ನು ಕಡಿಯದೆ ಉದ್ಯಾನವಾಗುವುದಿಲ್ಲ. ಗೃಹಸ್ಥನಿಗೆ ಆರಂಭೀ ಹಿಂಸೆಯು ಪೂರ್ಣವಾಗಿ ತಪ್ಪದು. ಆದರೆ ನಿಷ್ಪ್ರಯೋಜನವಾದುದನ್ನು ತಪ್ಪಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದಿದ್ದಾರೆ. ಉದ್ಯಾನದ ನಕ್ಷೆ ಮಾಡುವ ಅಭಿಯಂತರರ ಮೇಜಿನ ಮೇಲೆ ಇಡತಕ್ಕ ಮಾತಿದು.

ಬೇಸಗೆಯಲ್ಲಿ ಕುಡಿಯುವ ನೀರಿಗೆ ತತ್ತರಿಸುವ ಊರಿನಲ್ಲಿ ಹುಲ್ಲುಹಾಸಿಗೆ ನಿತ್ಯವೂ ನೀರು ಸುರಿಯುವುದಕ್ಕಿಂತ ಹೊಂಗೆ, ಬೇವು, ನೇರಳೆಗಳನ್ನು ನೆಡುವುದು ಲೇಸು. ನಡೆದಾಡುವ ದಾರಿಯೊಂದನ್ನು ಬಿಟ್ಟು ಉಳಿದ ನೆಲಕ್ಕೆಲ್ಲ ಸಿಮೆಂಟು ಬ್ಲಾಕುಗಳನ್ನು ಹಾಸಿದರೆ ಮಣ್ಣು ಉಸಿರಾಡದು, ಮಳೆಯ ನೀರು ಇಂಗದು. ರಾತ್ರಿಯೆಲ್ಲ ಉರಿಯುವ ಪ್ರಖರ ದೀಪಗಳು ಅಸಂಖ್ಯ ಕೀಟಗಳನ್ನು ಸೆಳೆದು ಕೊಲ್ಲುತ್ತವೆ. ಜನರ ಸುರಕ್ಷತೆಗೆ ಬೇಕಾದಷ್ಟು ದೀಪ, ಬೇಕಾದಷ್ಟು ಹೊತ್ತು ಸಾಕು. ಪಂಜರದ ಹಕ್ಕಿಗಳಂತೂ ಬೇಡವೇ ಬೇಡ. ಆಲ, ಅರಳಿ, ಅತ್ತಿ, ಬಸರಿಗಳ ಹಣ್ಣನ್ನು ನಾವು ಪಂಚೋದುಂಬರಗಳೆಂದು ತ್ಯಜಿಸಿದ್ದೇವೆ. ಆ ಮರಗಳನ್ನೇ ತ್ಯಜಿಸಬೇಕಾಗಿಲ್ಲ, ಹಕ್ಕಿಗಳಿಗೆ ಅವು ಅನ್ನಛತ್ರ. ಆದಿ ತೀರ್ಥಂಕರರಿಗೆ ಕೇವಲಜ್ಞಾನವಾದುದು ಆಲದ ಮರದ ಅಡಿಯಲ್ಲಿ, ಮಹಾವೀರಸ್ವಾಮಿಗೆ ಸಾಲವೃಕ್ಷದ ಅಡಿಯಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಲು ಮರದ ನೆರಳೇ ಸಾಕು, ಫಲಕ ಬೇಕಿಲ್ಲ.

ಕೊಡುವುದಕ್ಕಿಂತ ಕಾಯುವುದು

ಅನುದಾನದಿಂದಾದ ಉದ್ಯಾನಗಳಲ್ಲಿ ಅನೇಕವು ಮೂರು ನಾಲ್ಕು ವರ್ಷಗಳಲ್ಲಿ ಮತ್ತೆ ತಿಪ್ಪೆಯಾಗುತ್ತವೆ. ಉಯ್ಯಾಲೆಯ ಸರಪಳಿ ಹರಿದು ನೇತಾಡುತ್ತದೆ, ಕಾರಂಜಿಯ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುತ್ತವೆ. ಕಾರಣ ಸರಳ: ಕಟ್ಟಲು ಹಣ ಕೊಡುವವರು ಬಹಳ, ಕಾಯಲು ಕೊಡುವವರು ವಿರಳ. ಉದ್ಘಾಟನೆಗೆ ಸಮಾರಂಭವುಂಟು, ಕಸ ಗುಡಿಸುವುದಕ್ಕೆ ಸಮಾರಂಭವಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ದೂರದೃಷ್ಟಿಯುಳ್ಳವರಾಗಿದ್ದರು. ಶ್ರವಣಬೆಳಗೊಳದಲ್ಲಿ ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರ ಸುಮಾರಿಗೆ ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದೇ ಇಂದಿನ ಭಂಡಾರಿ ಬಸದಿ. ಅರಸನು ಅದರ ಸಲುವಾಗಿ ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ನಮ್ಮ ನಾಡಿನ ದತ್ತಿಶಾಸನಗಳಲ್ಲಿ ಪೂಜೆ, ಋಷಿಗಳ ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಉದ್ದೇಶವು ಮತ್ತೆ ಮತ್ತೆ ಕಾಣುತ್ತದೆ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸುವ ವೆಚ್ಚವನ್ನು ಮೊದಲ ದಿನವೇ ಗೊತ್ತುಮಾಡಿಡುತ್ತಿದ್ದರು. ಕೊಡುವುದು, ಕೊಟ್ಟದ್ದನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ಹಿರಿದೆಂದು ಸಾರುವ ಶಾಸನಗಳೂ ಉಂಟು. ಇಂದಿನ ಯೋಜನೆಗಳೂ ಈ ಸತ್ಯವನ್ನು ತಡವಾಗಿಯಾದರೂ ಕಂಡುಕೊಂಡಿವೆ. 2015ರಲ್ಲಿ 500 ನಗರಗಳಿಗಾಗಿ ಆರಂಭವಾದ ಅಮೃತ್ ಯೋಜನೆಯು ಉದ್ಯಾನಗಳಿಗೆ ಹಣವನ್ನಿಟ್ಟಂತೆ, ಜನರ ಸಹಭಾಗಿತ್ವದಿಂದ ಅವುಗಳನ್ನು ಪಾಲಿಸುವ ವ್ಯವಸ್ಥೆಯಾಗಬೇಕೆಂದೂ ನಗರಸಂಸ್ಥೆಗಳಿಗೆ ಹೇಳಿತು.

ಲೆಕ್ಕವನ್ನು ಅಂಗಡಿಯ ರೀತಿಯಲ್ಲಿಯೇ ಹಾಕಿ ನೋಡೋಣ. ಉದ್ಯಾನಕ್ಕೆ 20 ಲಕ್ಷ ರೂಪಾಯಿಗಳ ಅನುದಾನ ಬಂತೆಂದಿಟ್ಟುಕೊಳ್ಳಿ. ಒಬ್ಬ ತೋಟದ ಮಾಲಿಯ ಸಂಬಳ, ನೀರು, ವಿದ್ಯುತ್ತು, ದುರಸ್ತಿ ಸೇರಿ ತಿಂಗಳಿಗೆ 25,000 ರೂಪಾಯಿ ಬೇಕಾದರೆ ವರ್ಷಕ್ಕೆ 3 ಲಕ್ಷವಾಯಿತು. ಏಳು ವರ್ಷಗಳಲ್ಲಿ ಪಾಲನೆಯ ವೆಚ್ಚವು 21 ಲಕ್ಷವಾಗಿ, ಕಟ್ಟಿದ ವೆಚ್ಚವನ್ನು ಮೀರಿತು. ಈ 3 ಲಕ್ಷವು ಶೇಕಡಾ 6ರ ಬಡ್ಡಿಯಿಂದಲೇ ಬರಬೇಕಾದರೆ 50 ಲಕ್ಷದ ಶಾಶ್ವತ ನಿಧಿ ಬೇಕು. ಅಷ್ಟನ್ನು ಕೂಡಿಸುವುದು ಕಷ್ಟ. ಆದರೆ ಮುನ್ನೂರು ಮನೆಗಳವರು ತಿಂಗಳಿಗೆ 85 ರೂಪಾಯಿಯಂತೆ ಕೊಟ್ಟರೆ 25,500 ಆಗುತ್ತದೆ. ಕೊಡಲಾರದ ಮನೆಗಳ ಪಾಲನ್ನು ಅನುಕೂಲಸ್ಥರು ತುಂಬಲಿ. ಇದು ನಿಜವಾದ ದಾನ, ಏಕೆಂದರೆ ಇದು ಸ್ವಂತದ್ದು, ಹೆಸರಿಲ್ಲದ್ದು ಬೇರೆ. ಈ ತಿಂಗಳ ವಂತಿಗೆಯನ್ನು ಒಪ್ಪಿಕೊಳ್ಳಲಾರದ ಬಡಾವಣೆಯವರು ಅನುದಾನದ ಅರ್ಜಿಯನ್ನು ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಬೇಕು. ಪಾಲಿಸಲಾರದುದನ್ನು ಕೇಳಿ ಪಡೆಯುವುದು ನ್ಯಾಸವನ್ನು ಮಣ್ಣುಪಾಲು ಮಾಡಿದಂತೆ.

ಕೇಳಬಲ್ಲವರು, ಕೇಳಲಾರದವರು

ಇಷ್ಟೆಲ್ಲ ನಿಯಮಗಳನ್ನು ಪಾಲಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮಿಕ್ಕ ಪ್ರಶ್ನೆಗಳಿಗಿಂತ ಕಠಿಣವಾದುದು ಅದೇ. ನಮ್ಮ ಅರ್ಜಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಒಂದು ಪೈಸೆಯೂ ಪೋಲಾಗಿಲ್ಲ, ಬಾಗಿಲು ಸರ್ವರಿಗೂ ತೆರೆದಿದೆ ಎನ್ನೋಣ. ಆದರೂ ಹಣವು ನಮಗೆ ಬಂದುದೇಕೆ? ನಮಗೆ ಹೆಚ್ಚಿನ ಅವಶ್ಯಕತೆಯಿದ್ದುದರಿಂದಲೋ, ಕೇಳುವ ವಿದ್ಯೆ ನಮಗೆ ಗೊತ್ತಿದ್ದುದರಿಂದಲೋ?

ನಮ್ಮಲ್ಲಿ ಲೆಕ್ಕಪತ್ರ ಬಲ್ಲವರಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಯಾವ ಕಚೇರಿಯಲ್ಲಿ ಯಾವ ಪತ್ರ ಬೇಕು, ತಾಂತ್ರಿಕ ಮಂಜೂರಾತಿ ಯಾರಿಂದ, ಕ್ರಿಯಾಯೋಜನೆ ಯಾವ ತಿಂಗಳಲ್ಲಿ ಸಿದ್ಧವಾಗುತ್ತದೆ ಎಂಬುದು ನಮಗೆ ತಿಳಿದಿದೆ. ಜನಪ್ರತಿನಿಧಿಗಳ ಮನೆಬಾಗಿಲು ನಮಗೆ ತೆರೆಯುತ್ತದೆ. ಅದೇ ಊರಿನ ರೈಲುಹಳಿಯ ಆಚೆಗೆ ಒಂದು ಓಣಿಯಿರುತ್ತದೆ. ಅಲ್ಲಿ ಒಂದೊಂದೇ ಕೋಣೆಯ ಮನೆಗಳು. ಮಕ್ಕಳಿಗೆ ಅಂಗಳವೂ ಇಲ್ಲ, ಮಾಳಿಗೆಯೂ ಇಲ್ಲ. ನಮಗೆ ಉದ್ಯಾನವು ಒಂದು ಹೆಚ್ಚಿನ ಸೌಕರ್ಯ, ಅವರಿಗೆ ಅದು ಉಸಿರು. ಆದರೆ ಅಲ್ಲಿಂದ ಅರ್ಜಿ ಬರುವುದಿಲ್ಲ. ಅರ್ಜಿ ಬಾರದ ಕಡೆಗೆ ಅನುದಾನವೂ ಹೋಗುವುದಿಲ್ಲ. ಸಂಸದರ ನಿಧಿಯ ಮಾರ್ಗಸೂಚಿಗಳು ಪರಿಶಿಷ್ಟ ಜಾತಿಯವರ ವಸತಿಗಳಿಗೆ ಶೇಕಡಾ 15, ಪರಿಶಿಷ್ಟ ಪಂಗಡದವರ ವಸತಿಗಳಿಗೆ ಶೇಕಡಾ 7.5 ಎಂದು ಪಾಲನ್ನು ನಿಗದಿಪಡಿಸಿದುದೇ, ಕೇಳುವ ದನಿ ಎಲ್ಲರಿಗೂ ಸಮಾನವಾಗಿಲ್ಲವೆಂಬುದಕ್ಕೆ ಸಾಕ್ಷಿ.

ಇದನ್ನು ಕಳವೆಂದು ಯಾವ ಕಾಯ್ದೆಯೂ ಹೇಳದು. ವ್ರತಗಳ ಅತಿಚಾರಗಳ ಪಟ್ಟಿಯಲ್ಲಿಯೂ ಇದಕ್ಕೆ ನೇರವಾದ ಹೆಸರಿಲ್ಲ. ಆದರೂ ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಕ್ಕೆ ದೋಷವೆಂದ ಆಚಾರ್ಯರ ಭಾವವನ್ನು ಹಿಡಿದು ನಡೆಯುವವನಿಗೆ ಇಲ್ಲಿ ಒಂದು ತಟ್ಟೆ ತಾನಾಗಿಯೇ ಕೆಳಗೆ ವಾಲಿರುವುದು ಕಾಣದಿರದು. ವಾಲಿಸಿದವರು ನಾವಲ್ಲದಿರಬಹುದು, ಆದರೆ ಅದರ ಲಾಭವು ನಮ್ಮ ಖಾತೆಗೆ ಜಮಾ ಆಗುತ್ತಿದೆ. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳಿಂದ ಭೇದ ಹೊಂದುತ್ತದೆಂದು ಶಾಸ್ತ್ರವಿದೆ. ಅನುದಾನವು ದಾನವಲ್ಲದಿದ್ದರೂ ಪಾತ್ರದ ವಿಚಾರವು ಅದಕ್ಕೂ ತಪ್ಪಿದ್ದಲ್ಲ. ಅಷ್ಟೇ ಅಲ್ಲ, ಇಲ್ಲಿ ಆ ವಿಚಾರವನ್ನು ಮಾಡಬೇಕಾದವನು ಕೊಡುವವನೊಬ್ಬನೇ ಅಲ್ಲ, ಪಡೆಯುವವನೂ ಹೌದು: ಈ ಹಣಕ್ಕೆ ಮೊದಲ ಪಾತ್ರ ನಾನೇ ಏನು?

ಹಾಗೆಂದು ನಾವು ಏನನ್ನೂ ಕೇಳದೆ ಕೈಕಟ್ಟಿ ಕುಳಿತರೆ ಆ ಓಣಿಗೆ ಉದ್ಯಾನ ಬರುವುದೇ? ಬರದು. ನಾವು ಬಿಟ್ಟ ಹಣವು ನಮ್ಮಷ್ಟೇ ಬಲ್ಲ ಇನ್ನೊಂದು ಬಡಾವಣೆಗೆ ಹೋದೀತು. ಆದ್ದರಿಂದ ಇದಕ್ಕೆ ತ್ಯಾಗವೊಂದೇ ಪರಿಹಾರವಲ್ಲ. ಅನುದಾನವು ದಾನವಲ್ಲವಾದರೂ ಅನುದಾನವನ್ನು ಕೇಳುವ ವಿದ್ಯೆಯನ್ನು ದಾನ ಮಾಡಬಹುದು. ಗ್ರಂಥಗಳನ್ನು ಬರೆಯಿಸಿ ಹಂಚುವುದನ್ನು ಶಾಸ್ತ್ರದಾನವೆಂದು ಆಚರಿಸಿಕೊಂಡು ಬಂದವರು ನಾವು. ಅರ್ಜಿಯ ನಮೂನೆ, ಅಂದಾಜು ಪಟ್ಟಿ, ಲೆಕ್ಕಪತ್ರಗಳ ಜ್ಞಾನವೂ ಈ ಕಾಲದಲ್ಲಿ ಒಂದು ಶಾಸ್ತ್ರವೇ. ಅದು ನಮ್ಮ ಸ್ವಂತ ಗಳಿಕೆ, ಕೊಟ್ಟರೆ ಉಪಕಾರವಾಗುವಂಥದು. ದಾನದ ಎರಡು ಲಕ್ಷಣಗಳೂ ಅದಕ್ಕೆ ಪೂರ್ಣವಾಗಿ ಕೂಡುತ್ತವೆ.

ಬಸದಿಗಳ ಟ್ರಸ್ಟುಗಳು ಒಂದು ನಿಯಮವನ್ನು ಸ್ವೀಕರಿಸಬಹುದೆಂದು ವಿನಂತಿಸುತ್ತೇನೆ. ತಮ್ಮ ಬಡಾವಣೆಗಾಗಿ ಒಂದು ಅರ್ಜಿಯನ್ನು ಬರೆದಾಗ, ಬರೆಯಲಾರದ ಒಂದು ಓಣಿಗಾಗಿ ಇನ್ನೊಂದನ್ನು ಬರೆದುಕೊಡಲಿ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದೆಯೆಂದಾದರೆ ಹೆಚ್ಚು ಅವಶ್ಯಕತೆಯುಳ್ಳದ್ದು ಮೊದಲಾಗಲೆಂದು ತಾವೇ ಬರೆದು ತಿಳಿಸಲಿ. ಅಲ್ಲಿ ಉದ್ಯಾನಕ್ಕೆ ನೆಲವೆಲ್ಲಿ ಎಂಬ ಪ್ರಶ್ನೆಗೆ ಉತ್ತರವು ಕೆಲವೊಮ್ಮೆ ಹಳೆಯ ನಕ್ಷೆಯಲ್ಲಿಯೇ ಇರುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಅಂಥ ಜಾಗಗಳ ಪಟ್ಟಿಯನ್ನು ಮಾಡುವ ಹೊಣೆಯು ಸ್ಥಳೀಯ ಸಂಸ್ಥೆಗಳ ಮೇಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಮೇರೆಗೆ ಆ ಪಟ್ಟಿಯನ್ನೂ ನಕ್ಷೆಯನ್ನೂ ಯಾವ ನಾಗರಿಕನಾದರೂ ಕೇಳಿ ಪಡೆಯಬಹುದು. ನಮ್ಮ ಯುವಕರು ಪರ್ಯೂಷಣದ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ಅದು ಉತ್ತಮ ತ್ಯಾಗಧರ್ಮಕ್ಕೆ ವಿರುದ್ಧವಾಗದು.

ಹೀಗೆ ವಿಚಾರಿಸಿದಾಗ, ಅನುದಾನವನ್ನು ಕೇಳುವುದು ಶ್ರಾವಕನಿಗೆ ನಿಷಿದ್ಧವಲ್ಲ. ಆದರೆ ಕೇಳಿದ ಕ್ಷಣದಿಂದ ಅವನು ಫಲಾನುಭವಿಯಲ್ಲ, ಎಲ್ಲರ ಠೇವಣಿಯನ್ನು ಹೊತ್ತ ವಿಶ್ವಸ್ತ. ತಾನು ಕಟ್ಟಿದ ಉದ್ಯಾನವನ್ನು ತನ್ನದೆನ್ನದಿರುವುದು, ತನಗಿಂತ ಹೆಚ್ಚು ಅರ್ಹನಾದವನು ಹಿಂದೆ ನಿಂತಿದ್ದಾನೆಯೇ ಎಂದು ತಿರುಗಿ ನೋಡುವುದು, ಆ ಹೊರೆಯ ಎರಡು ತೂಕಗಳು. ಮುಂದಿನ ಆಯವ್ಯಯದ ಕಾಲಕ್ಕೆ ನಮ್ಮ ಟ್ರಸ್ಟುಗಳಿಂದ ಹೊರಡುವ ಲಕೋಟೆಗಳಲ್ಲಿ ಒಂದಾದರೂ ಹಳಿಯ ಆಚೆಗಿನ ಓಣಿಯ ಹೆಸರಿನಲ್ಲಿರಲಿ.